ಕುಮಾನೋ ಕೋಡೋ: ಜಪಾನಿನ ಬೆಟ್ಟದ ಹಳ್ಳಿಗಳ ನಡುವೆ ಐದು ದಿನದ ಯಾತ್ರೆ ನಡೆಯುವುದು ಹೇಗೆ

ಜಪಾನಿನ ಒಸಾಕಾದಿಂದ ದಕ್ಷಿಣಕ್ಕೆ ಹೋದರೆ ಕೀ ಪರ್ಯಾಯ ದ್ವೀಪ ಸಿಗುತ್ತದೆ. ಅಲ್ಲಿ ಬಯಲು ಕಡಿಮೆ, ಬೆಟ್ಟವೂ ಮಳೆಯೂ ಜಾಸ್ತಿ. ಅದರ ದಕ್ಷಿಣದ ಸೀಮೆಗೆ ಕುಮಾನೋ ಎಂದು ಹೆಸರು. ಹೊಂಗೂ, ಹಯಾತಮಾ, ನಾಚಿ ಎಂಬ ಮೂರು ದೊಡ್ಡ ದೇವಸ್ಥಾನಗಳು ಅಲ್ಲಿವೆ. ಇವುಗಳಿಗೆ ನಡೆದು ಹೋಗುವ ಹಳೆಯ ದಾರಿಗಳೇ ಕುಮಾನೋ ಕೋಡೋ. 12ನೇ ಶತಮಾನದ ಗೋ-ಶಿರಕಾವಾ ಎಂಬ ಚಕ್ರವರ್ತಿ ಪಟ್ಟ ಬಿಟ್ಟುಕೊಟ್ಟ ಮೇಲೆ ಕ್ಯೋಟೋದಿಂದ 30ಕ್ಕೂ ಹೆಚ್ಚು ಸಲ ಈ ಯಾತ್ರೆ ಮಾಡಿದ. ಆಮೇಲೆ ಸಾಮಾನ್ಯ ಜನ ಎಷ್ಟು ಬರತೊಡಗಿದರೆಂದರೆ, ಕುಮಾನೋ ಯಾತ್ರಿಕರನ್ನು ಇರುವೆ ಸಾಲು ಎಂದೇ ಕರೆಯುತ್ತಿದ್ದರು. 2004ರಲ್ಲಿ ಈ ದಾರಿಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಇದು ಹಿಮಾಲಯದ ಚಾರಣದಂತೆ ಎತ್ತರದ ಸಾಹಸ ಅಲ್ಲ. ಈ ಮಾರ್ಗದರ್ಶಿಯ ದಾರಿಯಲ್ಲಿ ಬರುವ ಕಣಿವೆಗಳು, ಅಂದರೆ ಬೆಟ್ಟ ದಾಟುವ ಎತ್ತರದ ಜಾಗಗಳು, 900 ಮೀಟರ್ ಕೂಡ ದಾಟುವುದಿಲ್ಲ. ಆದರೆ ದಾರಿ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ, ಹೆಜ್ಜೆ ಹೆಜ್ಜೆಗೂ ಪಾಚಿ ಕಲ್ಲು. ನಡುವೆ ಸಿಗುವ ಹಳ್ಳಿಗಳು ಕೆಲವೇ. ಒಂದೊಂದರಲ್ಲಿ ಮಲಗಲು ಜಾಗವಿರುವ ಮನೆಗಳು ಇನ್ನೂ ಕಡಿಮೆ. ಹಾಗಾಗಿ ಈ ಯಾತ್ರೆಗೆ ನನ್ನ ಮೊದಲ ಮಾತು ಒಂದೇ: ಮೊದಲು ಮಲಗುವ ಜಾಗ ನೋಡಿ, ಆಮೇಲೆ ನಡೆಯುವ ದಾರಿ ಲೆಕ್ಕ ಹಾಕಿ. ಕಿಲೋಮೀಟರ್ ಹಿಡಿದು ಯೋಜನೆ ಹಾಕಿದವರೆಲ್ಲ ಕೊನೆಗೆ ಕತ್ತಲಲ್ಲಿ ಕಾಡಿನ ಮೆಟ್ಟಿಲು ಇಳಿಯುತ್ತಿರುತ್ತಾರೆ.

ಯಾವ ದಾರಿ, ಯಾವ ಕಾಲ

ಕುಮಾನೋ ಕೋಡೋದಲ್ಲಿ ಹಲವು ದಾರಿಗಳಿವೆ. ಕೋಯಾಸಾನ್ ಎಂಬ ಬೌದ್ಧ ಕ್ಷೇತ್ರದಿಂದ ಹೊಂಗೂಗೆ ಬರುವ ಕೊಹೆಚಿ ಸುಮಾರು 70 ಕಿಲೋಮೀಟರ್. ಸಾವಿರ ಮೀಟರ್ ದಾಟುವ ಕಣಿವೆಗಳು, ನಡುವೆ ಊರೇ ಇಲ್ಲದ ದೂರಗಳು. ಅದು ಮೊದಲ ಸಲಕ್ಕೆ ಬೇಡ. ಮೊದಲ ಸಲಕ್ಕೆ ನಕಾಹೆಚಿ ಸರಿ. ರಾಜರು ಹೋಗುತ್ತಿದ್ದ ದಾರಿಯೂ ಇದೇ. ಪಶ್ಚಿಮದ ತನಾಬೆ ಕಡೆಯಿಂದ ಬೆಟ್ಟ ಹೊಕ್ಕು ತಕಿಜಿರಿ, ತಕಾಹಾರಾ, ಚಿಕತ್ಸುಯು, ಹೊಂಗೂ, ಕೊಗುಚಿ ಮೂಲಕ ನಾಚಿಗೆ ಇಳಿಯುತ್ತದೆ. ತಕಿಜಿರಿಯಿಂದ ಹೊಂಗೂಗೆ 38 ಕಿಲೋಮೀಟರ್. ಹೊಂಗೂ ಕಡೆಯಿಂದ ನಾಚಿಗೆ ಎರಡು ದಿನದ ದಾರಿ. ಈ ಮಾರ್ಗದರ್ಶಿ ಇದೇ ದಾರಿಗೆ.

ಮಾರ್ಚ್ ಕೊನೆಯಿಂದ ಮೇವರೆಗೆ, ಇಲ್ಲವೇ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ. ಜೂನ್, ಜುಲೈ ಅಲ್ಲಿನ ಮಳೆಗಾಲ. ಆಗಸ್ಟ್‌ನಿಂದ ಅಕ್ಟೋಬರ್ ಶುರುವಿನ ತನಕ ಟೈಫೂನ್ ಎಂಬ ಚಂಡಮಾರುತದ ಭಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2011ರ ಸೆಪ್ಟೆಂಬರ್‌ನಲ್ಲಿ ಬಂದ ಟೈಫೂನ್ ಈ ಬೆಟ್ಟಗಳನ್ನೇ ಕುಸಿಯುವಂತೆ ಮಾಡಿತ್ತು. ಇವಾಗಾಮಿ ಕಣಿವೆಯ ಹತ್ತಿರ ಹಳೇ ದಾರಿ ಮುಚ್ಚಿ ಸುತ್ತುದಾರಿ ಮಾಡಬೇಕಾಯಿತು. ಚಳಿಗಾಲದಲ್ಲೂ ನಡೆಯಬಹುದು, ಆದರೆ ಐದು ಗಂಟೆಯೊಳಗೆ ಕತ್ತಲು. ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರ ಜಪಾನಿನಲ್ಲಿ ದೊಡ್ಡ ರಜೆ, ಆಗ ಒಂದು ಹಾಸಿಗೆಯೂ ಸಿಗುವುದಿಲ್ಲ.

ಹಾಸಿಗೆ ಕಾಯ್ದಿರಿಸುವುದು

ಹಳ್ಳಿಗಳಲ್ಲಿ ಹೋಟೆಲ್ ಇಲ್ಲ, ಮಿನ್‌ಶುಕು ಇವೆ. ಮನೆಯವರೇ ನಡೆಸುವ ತಂಗುಮನೆಗಳು ಇವು. ಎಷ್ಟೋ ಕಡೆ ನಡೆಸುವವರು ವಯಸ್ಸಾದ ದಂಪತಿ, ಕೋಣೆ ಮೂರೋ ನಾಲ್ಕೋ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಬ್ಬರಿಗೆ ಸಾಮಾನ್ಯವಾಗಿ 10,000 ಯೆನ್‌ಗಿಂತ ಜಾಸ್ತಿಯೇ ಆಗುತ್ತದೆ. ಮರುದಿನದ ಮಧ್ಯಾಹ್ನದ ಬುತ್ತಿಯನ್ನೂ ಮುಂಚೆಯೇ ಹೇಳಿದರೆ ಕಟ್ಟಿಕೊಡುತ್ತಾರೆ. ಕಟ್ಟಿಸಿಕೊಳ್ಳಿ, ದಾರಿಯಲ್ಲಿ ಅಂಗಡಿ ಸಿಗುತ್ತದೆ ಎಂದು ನಂಬಬೇಡಿ.

ತನಾಬೆ ನಗರದ ಪ್ರವಾಸೋದ್ಯಮ ಸಂಸ್ಥೆ 'ಕುಮಾನೋ ಟ್ರಾವೆಲ್' ಎಂಬ ಬುಕಿಂಗ್ ವ್ಯವಸ್ಥೆ ನಡೆಸುತ್ತದೆ. ಫೋನಿನಲ್ಲಿ ಜಪಾನಿ ಮಾತ್ರ ಗೊತ್ತಿರುವ ಅಜ್ಜಿಯ ಮನೆಯನ್ನೂ ಅದರ ಮೂಲಕ ಕಾಯ್ದಿರಿಸಬಹುದು. ವಸಂತಕ್ಕೋ ಶರತ್ಕಾಲಕ್ಕೋ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ಕೈ ಹಾಕಿ. ಮೊದಲು ಕೊಗುಚಿಯ ರಾತ್ರಿ ಸಿಕ್ಕಿತಾ ನೋಡಿ, ಯಾಕೆಂದರೆ ಅಲ್ಲಿ ತಂಗಲು ಜಾಗ ತೀರಾ ಕಡಿಮೆ. ಆಮೇಲೆ ತಕಾಹಾರಾ. ಇವೆರಡೂ ಕೂಡಿ ಬಂದರೆ ಚಿಕತ್ಸುಯು, ಹೊಂಗೂ ಹತ್ತಿರದ ಯುನೊಮಿನೆ ಅಷ್ಟು ಕಷ್ಟವಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬಿಡಿಸಿ ಹೇಳಬೇಕು. ಸುಮ್ನೆ 'ಸಸ್ಯಾಹಾರಿ' ಎಂದರೆ ಸಾಲದು. ಜಪಾನಿನ ಅಡುಗೆಯ ಜೀವಾಳ ದಾಶಿ ಎಂಬ ಸಾರು. ಒಣಗಿದ ಬೊನಿಟೊ ಮೀನಿನಿಂದ ಮಾಡಿದ ದಾಶಿಯೇ ಹೆಚ್ಚು ಕಡೆ. ಮಿಸೋ ಸೂಪಿನಲ್ಲೂ, ಬೇಯಿಸಿದ ತರಕಾರಿಯಲ್ಲೂ ಅದು ಇರುತ್ತದೆ. 'ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ, ಕೊಂಬು ದಾಶಿ ಆಗುತ್ತದೆ' ಎಂದು ಬರೆಯಿರಿ. ಕೊಂಬು ಅಂದರೆ ಸಮುದ್ರದ ಪಾಚಿ. ಕೆಲವು ಮನೆಯವರು ಆಗುವುದಿಲ್ಲ ಎನ್ನುತ್ತಾರೆ. ಬೇಸರ ಮಾಡಿಕೊಳ್ಳದೆ ಇನ್ನೊಂದು ಮನೆ ಹುಡುಕಿ. ಅಲ್ಲಿಗೆ ಹೋಗಿ ಊಟದ ಹೊತ್ತಿಗೆ ಹೇಳುವುದು ಮಾತ್ರ ಸರಿಯಲ್ಲ. ಅಷ್ಟು ಹೊತ್ತಿಗೆ ಆ ಅಮ್ಮ ಎಂಟೊಂಬತ್ತು ಬಟ್ಟಲು ಜೋಡಿಸಿ ಇಟ್ಟಿರುತ್ತಾರೆ.

ಕಾಲು, ಬೂಟು, ಗಂಟು

ಸಮತಟ್ಟಾದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ನಡೆದು ಅಭ್ಯಾಸ ಮಾಡಿದರೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೆಟ್ಟಿಲು ಹತ್ತಿ, ಅದಕ್ಕಿಂತ ಮುಖ್ಯವಾಗಿ ಮೆಟ್ಟಿಲು ಇಳಿಯಿರಿ, ಬೆನ್ನಿಗೆ ಐದಾರು ಕಿಲೋ ಹಾಕಿಕೊಂಡು. ಎರಡು ತಿಂಗಳು ಮುಂಚೆ ಶುರು ಮಾಡಿದರೆ ಸಾಕು. ಹತ್ತುವಾಗ ಉಸಿರು ಹೋಗುತ್ತದೆ, ಎರಡು ನಿಮಿಷ ನಿಂತರೆ ಬರುತ್ತದೆ. ಇಳಿಯುವಾಗ ಮಂಡಿ ಹೋದರೆ ಯಾತ್ರೆಯೇ ಹೋಯಿತು.

ಬೂಟು ಹೊಸದು ಬೇಡ. ನೀರಿನಲ್ಲೂ ಕಲ್ಲು ಹಿಡಿಯುವ ಮೆತ್ತನೆಯ ಅಡಿ ಇರಲಿ. ಹೊರಡುವ ಹಿಂದಿನ ದಿನ ಕಾಲುಗುರು ಚೆನ್ನಾಗಿ ಕತ್ತರಿಸಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಕಪ್ಪಾಗುತ್ತದೆ. ಊರುಗೋಲು ಎರಡು ತನ್ನಿ, ತುದಿಗೆ ರಬ್ಬರ್ ಟೊಪ್ಪಿ ಹಾಕಿ. ಕಬ್ಬಿಣದ ಮೊನೆ ಹಳೇ ಕಲ್ಲುಗಳನ್ನೂ ಮರದ ಬೇರುಗಳನ್ನೂ ಕೆರೆಯುತ್ತದೆ.

ಮಳೆ ಅಂಗಿ ಮತ್ತು ಪ್ಯಾಂಟು ಎರಡೂ ಬೇಕು, ಯಾವ ತಿಂಗಳಾದರೂ ಸರಿ. ತಲೆಗೆ ಕಟ್ಟುವ ಟಾರ್ಚು, ಎರಡು ಲೀಟರ್ ನೀರು ಹಿಡಿಯುವ ಬಾಟಲಿ, ಗುಳ್ಳೆಗೆ ಹಚ್ಚುವ ಪಟ್ಟಿ, ಒಣ ಕಾಲುಚೀಲ. ಬೇಸಿಗೆ, ಶರತ್ಕಾಲದಲ್ಲಿ ದೊಡ್ಡ ಕಣಜಗಳ ಕಾಟ ಇರುತ್ತದೆ. ಅವು ಕಪ್ಪು ಬಣ್ಣದ ಮೇಲೆ ಎರಗುವುದು ಜಾಸ್ತಿ, ತಿಳಿ ಬಣ್ಣದ ಬಟ್ಟೆ, ಟೋಪಿ ಇರಲಿ. ಮಾಮುಶಿ ಎಂಬ ವಿಷದ ಹಾವೂ ಇದೆ. ಕೈ ಊರುವ ಮುಂಚೆ, ಕೂರುವ ಮುಂಚೆ ಕಲ್ಲಿನ ಬದಿ ನೋಡಿಕೊಳ್ಳಿ. ತುರ್ತು ಬಂದರೆ ಆಂಬುಲೆನ್ಸಿಗೆ 119, ಪೊಲೀಸರಿಗೆ 110. ಕಾಡಿನ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ದೊಡ್ಡ ಪೆಟ್ಟಿಗೆಯನ್ನು ಹೊರಬೇಡಿ. ಒಂದು ಮನೆಯಿಂದ ಮುಂದಿನ ಮನೆಗೆ ಅದನ್ನು ವ್ಯಾನಿನಲ್ಲಿ ಸಾಗಿಸುವ ಸೇವೆ ಇದೆ, ಕೋಣೆ ಬುಕ್ ಮಾಡುವಾಗಲೇ ಹೇಳಬಹುದು. ಹೊರೆ ಹೊತ್ತರೆ ಪುಣ್ಯ ಜಾಸ್ತಿ ಎಂದುಕೊಳ್ಳುವವರಿದ್ದಾರೆ. ಮಂಡಿ ನೋವಿರುವವರು ಈ ಸೇವೆಯನ್ನು ಧಾರಾಳವಾಗಿ ಬಳಸಲಿ.

ನಗದು ತನಾಬೆಯಲ್ಲೇ ತೆಗೆದುಕೊಳ್ಳಿ. ಹಳ್ಳಿಗಳಲ್ಲಿ ಕಾರ್ಡು ನಡೆಯುವುದು ಅಪರೂಪ.

ಒಂದನೇ ದಿನ: ತನಾಬೆಯಿಂದ ತಕಾಹಾರಾ

ಒಸಾಕಾದಿಂದ ಕುರೋಶಿಯೋ ಎಂಬ ರೈಲು ಎರಡು ಗಂಟೆಯ ಆಸುಪಾಸಿನಲ್ಲಿ ಕೀ-ತನಾಬೆ ನಿಲ್ದಾಣಕ್ಕೆ ತಂದು ಬಿಡುತ್ತದೆ. ನಿಲ್ದಾಣದ ಪಕ್ಕದಲ್ಲೇ ಪ್ರವಾಸಿ ಮಾಹಿತಿ ಕೇಂದ್ರ. ಅಲ್ಲಿ ಮೂರು ಕೆಲಸ ಮುಗಿಸಿ: ನಕ್ಷೆ ತೆಗೆದುಕೊಳ್ಳಿ, ದಾರಿ ಎಲ್ಲಾದರೂ ಮುಚ್ಚಿದೆಯಾ ಕೇಳಿ, ಮುದ್ರೆ ಹಾಕಿಸುವ ಪುಸ್ತಕ ಪಡೆಯಿರಿ. ಆಮೇಲೆ ತಕಿಜಿರಿಗೆ ಬಸ್ಸು, ಸುಮಾರು 40 ನಿಮಿಷ. ಬಸ್ಸು ಹತ್ತುವಾಗ ಒಂದು ಚಿಕ್ಕ ನಂಬರ್ ಚೀಟಿ ಎಳೆದುಕೊಳ್ಳಬೇಕು. ಇಳಿಯುವಾಗ ಮುಂದಿನ ಫಲಕದಲ್ಲಿ ಆ ನಂಬರಿನ ಕೆಳಗೆ ತೋರುವ ದುಡ್ಡು, ಚೀಟಿ ಎರಡನ್ನೂ ಚಾಲಕನ ಪಕ್ಕದ ಡಬ್ಬಿಗೆ ಹಾಕಬೇಕು. ದಿನಕ್ಕೆ ಬಸ್ಸುಗಳು ಕೆಲವೇ, ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ತಕಿಜಿರಿಯಲ್ಲಿ ಓಜಿ ಇದೆ. ಓಜಿ ಅಂದರೆ ದಾರಿಯುದ್ದಕ್ಕೂ ಇರುವ ಚಿಕ್ಕ ಗುಡಿ. ದೊಡ್ಡ ದೇವರ ಮಕ್ಕಳ ಗುಡಿಗಳೆಂದು ನಂಬಿಕೆ. ಲೆಕ್ಕಕ್ಕೆ 99 ಎನ್ನುತ್ತಾರೆ. ಈಗ ಕೆಲವು ಕಡೆ ಗುಡಿ ನಿಂತಿದೆ, ಕೆಲವು ಕಡೆ ಬರೀ ಒಂದು ಕಲ್ಲು. ಹಲವು ಓಜಿಗಳ ಪಕ್ಕದಲ್ಲಿ ಹಕ್ಕಿಗೂಡಿನ ಆಕಾರದ ಮರದ ಪೆಟ್ಟಿಗೆ ಇರುತ್ತದೆ. ಮುಚ್ಚಳ ತೆಗೆದರೆ ಒಳಗೆ ಮುದ್ರೆ, ಶಾಯಿ ಪ್ಯಾಡು. ಮಳೆಗಾಲದಲ್ಲಿ ಶಾಯಿ ತೆಳುವಾಗಿ ಹರಡುತ್ತದೆ. ಮುದ್ರೆಯನ್ನು ಗಟ್ಟಿಯಾಗಿ ಒತ್ತಬೇಡಿ, ಮೂಲೆಯಿಂದ ಮೂಲೆಗೆ ಹಗುರವಾಗಿ ಉರುಳಿಸಿ, ಪುಟ ಮುಚ್ಚುವ ಮುಂಚೆ ಊದಿ ಒಣಗಿಸಿ. ಗಡಿಬಿಡಿಯಲ್ಲಿ ಮುಚ್ಚಿದರೆ ಎದುರಿನ ಪುಟದಲ್ಲೂ ಇನ್ನೊಂದು ಮುದ್ರೆ ಮೂಡಿರುತ್ತದೆ.

ಇಲ್ಲಿಂದ ತಕಾಹಾರಾಗೆ ನಾಲ್ಕೇ ಕಿಲೋಮೀಟರ್. ಆದರೆ ಗುಡಿಯ ಹಿಂದಿನಿಂದಲೇ ಕಡಿದಾದ ಏರು. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಸ್ವಲ್ಪ ಮೇಲೆ ಬಂಡೆಗಳ ಸಂದಿನಲ್ಲಿ ನುಸುಳುವ ಇಕ್ಕಟ್ಟಾದ ಗುಹೆ ಸಿಗುತ್ತದೆ. ಅದರಲ್ಲಿ ತೂರಿ ಬಂದರೆ ಸುಖ ಹೆರಿಗೆ ಆಗುತ್ತದೆಂದು ಹೆಂಗಸರು ನಂಬುತ್ತಾರೆ. ಬೆನ್ನಿನ ಚೀಲ ತೆಗೆಯದೆ ನುಗ್ಗಬೇಡಿ. ಸಂಜೆಗೆ ತಕಾಹಾರಾ. ಬೆಟ್ಟದ ಹೆಗಲಿನ ಮೇಲೆ ಹತ್ತಾರು ಮನೆಗಳು, ಮೆಟ್ಟಿಲು ಗದ್ದೆಗಳು, ಹಳೇ ಕರ್ಪೂರದ ಮರಗಳ ನೆರಳಲ್ಲಿ ಒಂದು ಗುಡಿ. ಮೊದಲ ದಿನವೇ ಚಿಕತ್ಸುಯು ಮುಟ್ಟಬೇಕೆಂದು ಈ ಊರನ್ನು ದಾಟಿ ಹೋಗುವವರು ಬಹಳ. ನಿಂತು ಹೋಗಿ. ಬೆಳಗಿನ ಜಾವ ಕೆಳಗಿನ ಕಣಿವೆಯೆಲ್ಲ ಮಂಜಿನಿಂದ ತುಂಬಿರುವುದನ್ನು ನೋಡಬೇಕಾದರೆ ಇಲ್ಲೇ ಮಲಗಿರಬೇಕು, ಅಲ್ವಾ?

ಎರಡನೇ ದಿನ: ಚಿಕತ್ಸುಯು, ಸಾಧ್ಯವಾದರೆ ನೊನಾಕಾ

ಚಿಕತ್ಸುಯುವಿಗೆ ಹತ್ತು ಕಿಲೋಮೀಟರಿನ ಹತ್ತಿರ. ಸೀಡರ್, ಸೈಪ್ರೆಸ್ ಮರಗಳ ಕಾಡು, ಬಹುಪಾಲು ಜನ ನೆಟ್ಟು ಬೆಳೆಸಿದ್ದು. ದಾರಿ ತಪ್ಪುವುದು ಕಷ್ಟ. 500 ಮೀಟರಿಗೊಂದು ನಂಬರ್ ಕಂಬ ಇದೆ. ಮರ ಸಾಗಿಸುವ ರಸ್ತೆಗಳು ಕೂಡುವ ಕಡೆ 'ಇದು ಕುಮಾನೋ ಕೋಡೋ ಅಲ್ಲ' ಎಂಬ ಫಲಕವನ್ನೂ ನೆಟ್ಟಿದ್ದಾರೆ. ಏನಾದರೂ ಆದರೆ ಕೊನೆಗೆ ನೋಡಿದ ಕಂಬದ ನಂಬರ್ ಹೇಳಿದರೆ ಸಾಕು, ನೀವೆಲ್ಲಿದ್ದೀರೆಂದು ಅಲ್ಲಿನವರಿಗೆ ಗೊತ್ತಾಗುತ್ತದೆ.

ಚಿಕತ್ಸುಯು ನದಿಯ ದಡದ ಸ್ವಲ್ಪ ದೊಡ್ಡ ಊರು. ಕಾಲಲ್ಲಿ ಶಕ್ತಿ ಉಳಿದಿದ್ದರೆ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಹತ್ತಿ ನೊನಾಕಾ ಕಡೆ ತಂಗುವುದು ಒಳ್ಳೆಯದು, ಮರುದಿನದ ದೊಡ್ಡ ನಡಿಗೆ ಅಷ್ಟು ಕಡಿಮೆಯಾಗುತ್ತದೆ. ಅಲ್ಲಿನ ತ್ಸುಗಿಜಾಕುರಾ ಓಜಿಯ ಮೆಟ್ಟಿಲ ಪಕ್ಕ ಭಾರೀ ಸೀಡರ್ ಮರಗಳಿವೆ. ಅವುಗಳ ಕೊಂಬೆಗಳೆಲ್ಲ ದಕ್ಷಿಣಕ್ಕೆ, ನಾಚಿಯ ಕಡೆಗೇ ಚಾಚಿವೆ ಎಂದು ಊರವರು ತೋರಿಸುತ್ತಾರೆ. ಕೆಳಗೆ ನೊನಾಕಾದ ಸಿಹಿನೀರಿನ ಒರತೆ ಇದೆ, ಜಪಾನಿನ ನೂರು ಉತ್ತಮ ನೀರುಗಳ ಪಟ್ಟಿಯಲ್ಲಿರುವುದು. ಬಾಟಲಿ ತುಂಬಿಸಿಕೊಳ್ಳಿ.

ಮೂರನೇ ದಿನ: ಹೊಂಗೂ

ಚಿಕತ್ಸುಯುವಿನಿಂದ ಹೊಂಗೂಗೆ 25 ಕಿಲೋಮೀಟರ್, ಎಂಟೊಂಬತ್ತು ಗಂಟೆ. ಏಳು ಗಂಟೆಯ ಒಳಗೆ ಹೊರಡಿ. ಸುತ್ತುದಾರಿಯ ಗುರುತು ಕಂಡ ಕಡೆ ಅದನ್ನೇ ಹಿಡಿಯಿರಿ, ಹಳೇ ದಾರಿ ನೋಡುವ ಆಸೆ ಬೇಡ. ಇಷ್ಟು ದೂರ ಆಗುವುದಿಲ್ಲ ಎನಿಸಿದರೆ ಹೊಂಗೂ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೊಶ್ಶಿನ್‌ಮೋನ್ ಓಜಿಗೆ ಬಂದು, ಕೊನೆಯ ಏಳು ಕಿಲೋಮೀಟರ್ ಮಾತ್ರ ನಡೆಯಿರಿ. ಹಾಗೆ ಮಾಡಿದರೆ ಯಾತ್ರೆಗೆ ಏನೂ ಕೊರತೆಯಾಗುವುದಿಲ್ಲ. ಹೊಂಗೂ ಕ್ಷೇತ್ರದ ಹೊರಬಾಗಿಲೇ ಈ ಓಜಿ. ಇಲ್ಲಿಂದ ಮುಂದೆ ಚಹಾ ತೋಟ, ಮನೆಯಂಗಳ, ಕಾಡು ಒಂದರ ಹಿಂದೊಂದು ಬರುತ್ತವೆ. ಕೆಲವು ಮನೆಗಳ ಮುಂದೆ ಹಣ್ಣು, ಉಪ್ಪು ಹುಳಿಯ ಉಮೆ ಕಾಯಿ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಯಾರೂ ಕಾಯುವವರಿಲ್ಲ, ಬೆಲೆ ನೋಡಿ ಚಿಲ್ಲರೆ ಹಾಕಬೇಕು.

ಮುಂದೆ ಫುಶಿಯೋಗಾಮಿ ಓಜಿ. ದೂರದ ಕಣಿವೆಯಲ್ಲಿ ಹೊಂಗೂ ಮೊದಲು ಕಾಣುವುದು ಇಲ್ಲಿಂದ. ಯಾತ್ರಿಕರು ಇಲ್ಲೇ ನೆಲಕ್ಕೆ ಬಿದ್ದು ಅಡ್ಡಬೀಳುತ್ತಿದ್ದರು. ಸಾವಿರ ವರ್ಷದ ಹಿಂದಿನ ಕವಯಿತ್ರಿ ಇಜುಮಿ ಶಿಕಿಬು ಇಲ್ಲಿಗೆ ಬಂದಾಗ ಮುಟ್ಟಾದಳಂತೆ. ಇನ್ನು ದೇವರನ್ನು ಕಾಣುವ ಹಾಗಿಲ್ಲ ಎಂದು ನೊಂದು ಮಲಗಿದಳು. ರಾತ್ರಿ ದೇವರೇ ಕನಸಿನಲ್ಲಿ ಬಂದು, ಅದೆಲ್ಲ ಅಡ್ಡಿಯಿಲ್ಲ, ಬಾ ಎಂದನಂತೆ. ಕಥೆ ನಿಜವೋ ಅಲ್ಲವೋ, ಕುಮಾನೋ ನಡೆದುಕೊಂಡದ್ದು ಹಾಗೇ. ಎಷ್ಟೋ ಪವಿತ್ರ ಬೆಟ್ಟಗಳು ಹೆಂಗಸರಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ ಇಲ್ಲಿ ಗಂಡು ಹೆಣ್ಣು, ಮಡಿ ಮೈಲಿಗೆ ಎನ್ನದೆ ಎಲ್ಲರಿಗೂ ದಾರಿ ಇತ್ತು. ರೋಗಿಗಳೂ ಬರುತ್ತಿದ್ದರು. ಈ ಯಾತ್ರೆಯ ಬಗ್ಗೆ ನನಗೆ ಇರುವ ಗೌರವಕ್ಕೆ ದೊಡ್ಡ ಕಾರಣ ಇದು.

ಹೊಂಗೂ ದೇವಸ್ಥಾನದಲ್ಲಿ ಮೊದಲು ತೊಟ್ಟಿಯ ನೀರಿನಲ್ಲಿ ಎಡಗೈ, ಬಲಗೈ ತೊಳೆದು ಬಾಯಿ ಮುಕ್ಕಳಿಸಿ. ಸೌಟನ್ನು ನೇರ ಬಾಯಿಗೆ ಇಡಬೇಡಿ. ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಕೈಮುಗಿದು ಮತ್ತೊಂದು ಸಲ ಬಾಗಿ. ಎಲ್ಲೆಲ್ಲೂ ಮೂರು ಕಾಲಿನ ಕಾಗೆಯ ಚಿತ್ರ ಕಾಣುತ್ತದೆ. ಅದು ಯತಗರಾಸು, ದಾರಿ ತೋರಿಸುವ ಕಾಗೆ. ಜಪಾನ್ ಫುಟ್‌ಬಾಲ್ ಸಂಸ್ಥೆಯ ಲಾಂಛನದಲ್ಲೂ ಇದೇ ಇದೆ.

ಅಷ್ಟಕ್ಕೇ ಹೊರಡಬೇಡಿ. ಹತ್ತು ನಿಮಿಷ ಕೆಳಗೆ ನಡೆದರೆ ಓಯುನೊಹಾರಾ. ದೇವಸ್ಥಾನ ಮೊದಲಿದ್ದದ್ದು ಅಲ್ಲಿ, ನದಿಗಳು ಕೂಡುವ ಮರಳು ದಿಬ್ಬದ ಮೇಲೆ. 1889ರ ಪ್ರವಾಹ ಬಹುಪಾಲು ಕಟ್ಟಡಗಳನ್ನು ಹೊತ್ತೊಯ್ದಿತು. ಉಳಿದವನ್ನು 1891ರಲ್ಲಿ ಎತ್ತರದ ಈಗಿನ ಜಾಗಕ್ಕೆ ತಂದರು. ಈಗ ಅಲ್ಲಿ 2000ದಲ್ಲಿ ನಿಲ್ಲಿಸಿದ 33.9 ಮೀಟರ್ ಎತ್ತರದ ಮಹಾದ್ವಾರವಿದೆ. ಸ್ಪೇನಿನ ಸಾಂಟಿಯಾಗೊ ಯಾತ್ರೆಯನ್ನೂ ಮಾಡಿರುವವರು, ಅಥವಾ ಮುಂದೆ ಮಾಡುವವರು, ಹೊಂಗೂವಿನಲ್ಲಿ ಮುದ್ರೆ ಪುಸ್ತಕ ತೋರಿಸಿ ಎರಡೂ ಯಾತ್ರೆಯ ದಾಖಲಾತಿ ಬಗ್ಗೆ ಕೇಳಿ.

ಆ ರಾತ್ರಿ ಯುನೊಮಿನೆ

ಹೊಂಗೂವಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಬಿಸಿನೀರಿನ ಬುಗ್ಗೆಯ ಪುಟ್ಟ ಊರು, ಗಂಧಕದ ವಾಸನೆ, ತೊರೆಯಿಂದ ಏಳುವ ಹಬೆ. ತೊರೆಯ ಪಕ್ಕ 90 ಡಿಗ್ರಿಯಷ್ಟು ಕುದಿಯುವ ಕಲ್ಲಿನ ತೊಟ್ಟಿ ಇದೆ. ಅಂಗಡಿಯಲ್ಲಿ ಬಲೆ ಚೀಲದಲ್ಲಿ ಮೊಟ್ಟೆ, ಗೆಣಸು ಸಿಗುತ್ತವೆ. ಚೀಲದ ದಾರವನ್ನು ಕಟಕಟೆಗೆ ಕಟ್ಟಿ ಇಳಿಬಿಟ್ಟರೆ ಮೊಟ್ಟೆಗೆ ಹತ್ತು ನಿಮಿಷದ ಮೇಲೆ ಸ್ವಲ್ಪ, ಗೆಣಸಿಗೆ ಇನ್ನೂ ಜಾಸ್ತಿ ಹೊತ್ತು.

ತ್ಸುಬೊಯು ಎಂಬ ಚಿಕ್ಕ ಮರದ ಗುಡಿಸಲಿನ ಸ್ನಾನದ ಗುಂಡಿಯೂ ವಿಶ್ವ ಪರಂಪರೆಯ ಭಾಗ. ಯಾತ್ರಿಕರು ಹಿಂದಿನಿಂದಲೂ ಇಲ್ಲಿ ಮಿಂದು ಶುದ್ಧರಾಗುತ್ತಿದ್ದರು. ನಂಬರ್ ಚೀಟಿ ಪಡೆದು ಕಾಯಬೇಕು, ಒಂದು ತಂಡಕ್ಕೆ 30 ನಿಮಿಷ. ಬೇರೆ ಸ್ನಾನದ ಮನೆಗಳಲ್ಲಿ ನಿಯಮ ಒಂದೇ: ಮೊದಲು ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಿ, ಆಮೇಲೆ ಬಟ್ಟೆಯಿಲ್ಲದೆ ನೀರಿಗಿಳಿಯಿರಿ, ಟವೆಲ್ ನೀರಿಗೆ ತಾಗಿಸಬೇಡಿ. ಸಂಕೋಚ ಮೊದಲ ಐದು ನಿಮಿಷ.

ತಂಗುಮನೆಯ ರೀತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಐದು ಗಂಟೆಯೊಳಗೆ ಮನೆ ಸೇರಿ, ಊಟ ಆರರ ಸುಮಾರಿಗೆ. ತಡವಾದರೆ ಫೋನ್ ಮಾಡಿ, ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಹೊರಡುತ್ತಾರೆ. ಬಾಗಿಲಲ್ಲಿ ಬೂಟು ಬಿಡಿ, ಚಾಪೆ ಹಾಸಿದ ಕೋಣೆಗೆ ಚಪ್ಪಲಿಯೂ ಬೇಡ. ಬೂಟು ಒದ್ದೆಯಾಗಿದ್ದರೆ ಹಳೇ ಪೇಪರ್ ಕೇಳಿ ಒಳಗೆ ತುರುಕಿಡಿ.

ಸಮಯವಿದ್ದರೆ ಇಲ್ಲಿ ಒಂದು ದಿನ ಸುಮ್ಮನಿರಿ. ಮುಂದಿನ ಎರಡು ದಿನಕ್ಕೆ ಮಂಡಿ ಬೇಕು.

ನಾಲ್ಕು, ಐದನೇ ದಿನ: ಮೋಡ ಹಿಡಿಯುವ ಕಣಿವೆಗಳು

ನಾಲ್ಕನೇ ದಿನ ಬಸ್ಸಿನಲ್ಲಿ ಉಕೆಗಾವಾಗೆ ಬಂದು ಕೊಗುಚಿಗೆ 13 ಕಿಲೋಮೀಟರ್ ನಡೆಯಬೇಕು. ಹ್ಯಾಕ್ಕೆನ್-ಗುರಾ ಎಂಬ ಜಾಗದಲ್ಲಿ ಮರಗಳು ಸರಿದು ಬೆಟ್ಟದ ಹಿಂದೆ ಬೆಟ್ಟ ಕಾಣುತ್ತದೆ. ಊಟಕ್ಕೆ ಕೂರಲು ಅದೇ ಜಾಗ. ಕೊಗುಚಿಯಲ್ಲಿ ಹಳೇ ಶಾಲೆಯ ಕಟ್ಟಡವೊಂದನ್ನು ತಂಗುದಾಣ ಮಾಡಿದ್ದಾರೆ.

ಐದನೇ ದಿನ ಇಡೀ ಯಾತ್ರೆಯಲ್ಲೇ ಕಠಿಣ. ನಾಚಿಗೆ 14.5 ಕಿಲೋಮೀಟರ್, ಆರರಿಂದ ಎಂಟು ಗಂಟೆ. ಮೊದಲ ಐದು ಕಿಲೋಮೀಟರಿನಲ್ಲೇ ಸುಮಾರು 800 ಮೀಟರ್ ಏರಿ ಎಚಿಜೆನ್ ಕಣಿವೆಯ 870 ಮೀಟರ್ ಎತ್ತರ ಮುಟ್ಟಬೇಕು. ಆ ಏರಿಗೆ 'ಮೈ ಮುರಿಯುವ ದಿಣ್ಣೆ' ಎಂದೇ ಹೆಸರು. ಮಳೆ ಜೋರಾಗಿದ್ದರೆ ಹೋಗಲೇಬೇಡಿ. ಕೊಗುಚಿಯಿಂದ ಬಸ್ಸಿನಲ್ಲಿ ಸುತ್ತಿ ನಾಚಿ ಸೇರಬಹುದು. ಇಲ್ಲಿನ ಕಲ್ಲು ಮೆಟ್ಟಿಲುಗಳ ಪಾಚಿ ಒದ್ದೆಯಾದರೆ ಎಣ್ಣೆ ಬಳಿದ ಹಾಗೆ ಜಾರುತ್ತದೆ. ಹೆಜ್ಜೆ ಅಡ್ಡಡ್ಡ ಇಡಿ, ಬೇರಿನ ಮೇಲೆ ಕಾಲಿಡಬೇಡಿ, ಊರುಗೋಲು ನೆಟ್ಟ ಮೇಲೇ ಭಾರ ಹಾಕಿ.

ಹೊರಟ ಸ್ವಲ್ಪ ಹೊತ್ತಿಗೆ ದಾರಿ ಬದಿಯಲ್ಲಿ ವರೋದಾ-ಇಶಿ ಎಂಬ ಪಾಚಿ ಬಂಡೆ ಸಿಗುತ್ತದೆ. ಅದರ ಮೇಲೆ ಮೂರು ವೃತ್ತಗಳು, ಒಳಗೆ ಸಂಸ್ಕೃತದ ಬೀಜಾಕ್ಷರಗಳು. ಕುಮಾನೋದ ಮೂರು ದೇವಸ್ಥಾನಗಳ ದೇವರ ಬೌದ್ಧ ರೂಪಗಳಿಗೆ ಒಂದೊಂದು ಅಕ್ಷರ. ಆ ದೇವರುಗಳು ಇಲ್ಲಿ ಕೂತು ಚಹಾ ಕುಡಿಯುತ್ತಾ ಹರಟೆ ಹೊಡೆಯುತ್ತಿದ್ದರಂತೆ. ಭಾರತದಿಂದ ಹೊರಟ ಅಕ್ಷರ ಚೀನಾ ದಾಟಿ ಈ ಕಾಡಿನ ಬಂಡೆಯ ಮೇಲೆ ಬಂದು ಕೂತಿದೆ. ಅವಸರ ಮಾಡದೆ ನೋಡಿ. ಕೊನೆಯಲ್ಲಿ ಫುನಾಮಿ ಕಣಿವೆಯಿಂದ ಮೊದಲ ಸಲ ಸಮುದ್ರ ಕಾಣುತ್ತದೆ. ಅಲ್ಲಿಂದ ಇಳಿಜಾರು ಉದ್ದ, ಸುಸ್ತಾದ ಕಾಲು ಜಾರುವುದು ಇಲ್ಲೇ.

ದಾರಿ ನೇರ ಸೇಗಾಂತೋಜಿ ದೇವಾಲಯಕ್ಕೆ ಇಳಿಯುತ್ತದೆ. ಭಾರತದಿಂದ ಕಡಲಲ್ಲಿ ತೇಲಿ ಬಂದ ಒಬ್ಬ ಸಾಧು ಇದನ್ನು ಸ್ಥಾಪಿಸಿದ ಎಂದು ಐತಿಹ್ಯ. ಇದು ಬೌದ್ಧ ಗುಡಿ, ಇಲ್ಲಿ ಚಪ್ಪಾಳೆ ತಟ್ಟಬೇಡಿ, ಸುಮ್ನೆ ಕೈಮುಗಿಯಿರಿ. ಪಕ್ಕದಲ್ಲೇ ನಾಚಿ ದೇವಸ್ಥಾನ, ಕೆಳಗೆ 133 ಮೀಟರಿನ ನಾಚಿ ಜಲಪಾತ. ಜಲಪಾತವೇ ದೇವರು, ಅದಕ್ಕೆ ಬೇರೆ ಮೂರ್ತಿ ಇಲ್ಲ. ಆಮೇಲೆ ದೈಮೋನ್-ಜಾಕಾದ 267 ಕಲ್ಲು ಮೆಟ್ಟಿಲು ಇಳಿದರೆ ಬಸ್ ನಿಲ್ದಾಣ. ಕೀ-ಕತ್ಸುಉರಾಗೆ ಅರ್ಧ ಗಂಟೆಯೊಳಗೆ ಮುಟ್ಟುತ್ತೀರಿ.

ಮೂರನೆಯ ಹಯಾತಮಾ ಇರುವುದು ಶಿಂಗೂ ಪಟ್ಟಣದಲ್ಲಿ. ಕತ್ಸುಉರಾದಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ರೈಲಿನಲ್ಲಿ ಹೋಗಿ ಬನ್ನಿ. ಹಿಂದೆ ಯಾತ್ರಿಕರು ಹೊಂಗೂವಿನಿಂದ ಅಲ್ಲಿಗೆ ದೋಣಿಯಲ್ಲಿ ನದಿ ಇಳಿಯುತ್ತಿದ್ದರು. ಈಗಲೂ ಆ ನದಿಯಲ್ಲಿ ಪ್ರವಾಸಿ ದೋಣಿ ಇದೆ, ಬೇಕಾದವರು ಮುಂಚೆಯೇ ಬುಕ್ ಮಾಡಿ. ಶಿಂಗೂವಿನಿಂದ ಒಸಾಕಾಗೆ ಕುರೋಶಿಯೋ ರೈಲಿನಲ್ಲಿ ನಾಲ್ಕು ಗಂಟೆಯ ಮೇಲಾಗುತ್ತದೆ. ಅದರ ಸೀಟನ್ನು ಯಾತ್ರೆ ಹೊರಡುವ ಮುಂಚೆಯೇ ಕಾಯ್ದಿರಿಸಿ, ಸಮುದ್ರ ಕಾಣುವ ಎಡಗಡೆ ಕಿಟಕಿ ಕೇಳಿ.